ಹಣ್ಣು ಕಾಯುವುದಿಲ್ಲ: ಕಣದ ಕೆಲಸಕ್ಕೊಂದು ಜಾಲನಕ್ಷೆ

ಅರೇಬಿಕಾ ಹಣ್ಣು ಕೆಂಪಾಗುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕಣಕ್ಕೆ ಕಾಂಕ್ರೀಟು ಬಿದ್ದಿದೆಯೋ ಇಲ್ಲವೋ, ಪಲ್ಪರು ರಿಪೇರಿಯಾಗಿ ಬಂದಿದೆಯೋ ಇಲ್ಲವೋ, ನವೆಂಬರ್ ಬಂತೆಂದರೆ ಗಿಡದಲ್ಲಿ ಹಣ್ಣು ಬಂದೇ ಬರುತ್ತದೆ. ಕೊಯ್ದ ಹಣ್ಣನ್ನು ಆ ದಿನವೇ ಪಲ್ಪ್ ಮಾಡಬೇಕು. ಚೀಲದಲ್ಲಿ ರಾತ್ರಿ ಕಳೆಯಿತೆಂದರೆ ಬಿಸಿಯೇರಿ ಹುಳಿಯಲು ತೊಡಗುತ್ತದೆ. ಬರಿಯ ಮಣ್ಣಿನ ನೆಲದ ಮೇಲೆ ಹರವಿದ ಪಾರ್ಚ್‌ಮೆಂಟು ಮಣ್ಣಿನ ವಾಸನೆಯನ್ನು ಎಳೆದುಕೊಳ್ಳುತ್ತದೆ, ರುಚಿ ನೋಡುವವರ ನಾಲಗೆಗೆ ಅದು ಸಿಕ್ಕಿಯೇ ಸಿಗುತ್ತದೆ. ಗೊಬ್ಬರ, ಕಸಿ, ನೆರಳು, ಔಷಧಿ ಎಂದು ವರ್ಷವಿಡೀ ಮಾಡಿದ ಖರ್ಚಿನ ಫಲ ಕೊನೆಯ ಹದಿನೈದು ದಿನಗಳಲ್ಲಿ ಕೈಜಾರಿ ಹೋಗುವುದು ಹೀಗೆ.

ನಮ್ಮ ಸದಸ್ಯ ಬಾಂಧವರಲ್ಲಿ ಬಹುಮಂದಿ ಎರಡೆಕರೆ, ಐದೆಕರೆ, ಹೆಚ್ಚೆಂದರೆ ಹತ್ತೆಕರೆಯ ಹಿಡುವಳಿದಾರರು. ರೈಟರು, ಮೇಸ್ತ್ರಿ, ಮ್ಯಾನೇಜರು ಎಂದು ಸಂಬಳ ಕೊಟ್ಟು ಇಟ್ಟುಕೊಳ್ಳುವ ದೊಡ್ಡ ಎಸ್ಟೇಟುಗಳ ಮಾತು ಬೇರೆ. ನಮ್ಮಲ್ಲಿ ಯಜಮಾನರೇ ರೈಟರು, ಯಜಮಾನರೇ ಮೇಸ್ತ್ರಿ, ಲಾರಿಯವನಿಗೆ ಫೋನು ಮಾಡುವವರೂ ಅವರೇ. ಮಾಡಬೇಕಾದ ಕೆಲಸಗಳ ಪಟ್ಟಿಯೆಲ್ಲ ತಲೆಯಲ್ಲಿ. ತಲೆಯಲ್ಲಿರುವ ಪಟ್ಟಿಯ ತೊಂದರೆಯೆಂದರೆ, ಯಾವ ಕೆಲಸದ ಕೂಗು ಜೋರಾಗಿ ಕೇಳುತ್ತದೆಯೋ ಆ ಕೆಲಸ ಮೊದಲು ಆಗುತ್ತದೆ. ನಿಜವಾಗಿ ಮೊದಲು ಆಗಬೇಕಾದದ್ದು ಸುಮ್ಮನೆ ಮೂಲೆಯಲ್ಲಿ ಕುಳಿತಿರುತ್ತದೆ.

ಕಣದ ಕೆಲಸ ತಡವಾಗುವುದಕ್ಕೆ ಬೆಳೆಗಾರರ ಸೋಮಾರಿತನವೇ ಕಾರಣವೆಂದು ಹೇಳುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಅಕ್ಟೋಬರಿನಲ್ಲಿ ಬೆಳಗಿನಿಂದ ಕತ್ತಲೆಯವರೆಗೆ ಓಡಾಡಿಯೂ ನವೆಂಬರಿನಲ್ಲಿ ಕಣ ಸಿದ್ಧವಾಗದೆ ಕೈಕೈ ಹಿಸುಕಿಕೊಂಡವರನ್ನು ನಾವು ಕಂಡಿದ್ದೇವೆ. ಓಡಾಟ ಕಡಿಮೆಯಾಗಿರಲಿಲ್ಲ. ಯಾವ ಕೆಲಸವನ್ನು ಅವಸರಪಡಿಸಿದರೆ ಒಂದು ದಿನ ಉಳಿಯುತ್ತದೆ, ಯಾವುದನ್ನು ಎಷ್ಟು ಅವಸರಪಡಿಸಿದರೂ ಒಂದು ಗಂಟೆಯೂ ಉಳಿಯುವುದಿಲ್ಲ ಎಂಬುದು ಗೊತ್ತಿರಲಿಲ್ಲ, ಅಷ್ಟೆ. ಇದನ್ನು ಕಾಗದದ ಮೇಲೆ ನಾಲ್ಕು ಗೆರೆ ಎಳೆದು ಕಂಡುಕೊಳ್ಳುವ ಕ್ರಮವೊಂದಿದೆ. ಇಂಜಿನಿಯರುಗಳು ಅದನ್ನು ನೆಟ್‌ವರ್ಕ್ ಎನ್ನುತ್ತಾರೆ, ಅದರೊಳಗಿನ ಮುಖ್ಯ ದಾರಿಗೆ ಕ್ರಿಟಿಕಲ್ ಪಾತ್ ಎಂದು ಹೆಸರು. ನಾವು ಸದ್ಯಕ್ಕೆ ಜಾಲನಕ್ಷೆ ಎಂದು ಕರೆಯೋಣ.

ಕಾರ್ಖಾನೆಯಲ್ಲಿ ಹುಟ್ಟಿದ ಲೆಕ್ಕ

ಈ ಲೆಕ್ಕ ಹುಟ್ಟಿದ್ದು ಅಮೆರಿಕದ ಡುಪಾಂಟ್ ಎಂಬ ರಾಸಾಯನಿಕ ಕಂಪೆನಿಯಲ್ಲಿ, 1956-57ರ ಸುಮಾರಿಗೆ. ಕಂಪೆನಿಯ ಮೋರ್ಗನ್ ವಾಕರ್ ಎಂಬ ಇಂಜಿನಿಯರೂ, ಕಂಪ್ಯೂಟರ್ ತಯಾರಿಸುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್ ಕಂಪೆನಿಯ ಜೇಮ್ಸ್ ಕೆಲ್ಲಿ ಎಂಬ ಗಣಿತಜ್ಞರೂ ಸೇರಿ ಇದನ್ನು ರೂಪಿಸಿದರು. ಕಾರ್ಖಾನೆ ಕಟ್ಟುವ ಕೆಲಸ ಹಿಂದೆ ಬಿತ್ತೆಂದರೆ ಎಲ್ಲರಿಗೂ ಹೆಚ್ಚು ಹೊತ್ತಿನ ದುಡಿಮೆ, ಎಲ್ಲ ಸಾಮಾನಿಗೂ ಅವಸರದ ಬೆಲೆ ಎಂಬುದು ಆಗಿನ ವಾಡಿಕೆ. ನಿಜವಾಗಿಯೂ ಎಲ್ಲ ಕೆಲಸವನ್ನೂ ಅವಸರಪಡಿಸಬೇಕೆ ಎಂದು ಇವರಿಬ್ಬರೂ ಕೇಳಿದರು. ಲೆಕ್ಕ ಹಾಕಿ ನೋಡಿದಾಗ, ಕೊನೆಯ ದಿನಾಂಕವನ್ನು ಹಿಡಿದಿಟ್ಟುಕೊಂಡಿರುವ ಕೆಲಸಗಳು ಕೆಲವೇ ಕೆಲವು, ಉಳಿದವು ಒಂದಿಷ್ಟು ಹಿಂದೆಮುಂದಾದರೂ ಯಾವ ಬಾಧಕವೂ ಇಲ್ಲ ಎಂದು ಕಂಡಿತು. ಆ ಕೆಲವನ್ನು ಅವರು ‘ಮುಖ್ಯ ಸರಪಳಿ’ ಎಂದು ಕರೆದರು. ನಮಗೆ ಈ ಹೆಸರೇ ಹೆಚ್ಚು ಹಿಡಿಸಿದೆ.

ಡುಪಾಂಟ್ ಕಂಪೆನಿ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿದ್ದ ತನ್ನ ಕಾರ್ಖಾನೆಯ ರಿಪೇರಿಗೆ ಈ ಕ್ರಮವನ್ನು ಹಚ್ಚಿ ನೋಡಿತು. ರಿಪೇರಿಗಾಗಿ ಕಾರ್ಖಾನೆಯನ್ನು ನಿಲ್ಲಿಸಿದಷ್ಟು ಹೊತ್ತೂ ನಷ್ಟ. ಮೊದಲು 125 ಗಂಟೆ ಹಿಡಿಯುತ್ತಿದ್ದ ಕೆಲಸ 93 ಗಂಟೆಗೆ ಇಳಿಯಿತು. ಹೊಸ ಯಂತ್ರ ಬಂದುದರಿಂದ ಆದುದಲ್ಲ ಇದು. ಯಾವುದರ ನಂತರ ಯಾವುದು, ಯಾವುದರ ಜೊತೆಗೆ ಯಾವುದು ಎಂಬುದನ್ನು ಸರಿಪಡಿಸಿದುದರಿಂದ ಆದದ್ದು.

ಅದೇ ಕಾಲಕ್ಕೆ, 1958ರಲ್ಲಿ, ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ ಪರ್ಟ್ ಎಂಬ ಇಂತಹುದೇ ಲೆಕ್ಕವನ್ನು ಕಟ್ಟಿತು. 1960ರ ಜುಲೈ 20ರಂದು ಮುಳುಗಿದ ಜಲಾಂತರ್ಗಾಮಿಯಿಂದ ಕ್ಷಿಪಣಿ ಹಾರಿತು, ಪರ್ಟ್‌ನ ಕೀರ್ತಿ ಲೋಕದ ತುಂಬ ಹಬ್ಬಿತು. ಆ ಕೀರ್ತಿಯನ್ನು ಪೂರ್ತಿ ನಂಬಬೇಕಾಗಿಲ್ಲ. ಹಾರ್ವೆ ಸಪೋಲ್ಸ್ಕಿ ಎಂಬ ವಿದ್ವಾಂಸರು ಪೊಲಾರಿಸ್ ಕಾರ್ಯಕ್ರಮವನ್ನು ಅಭ್ಯಾಸ ಮಾಡಿ 1972ರಲ್ಲಿ ಬರೆದ ಪುಸ್ತಕದಲ್ಲಿ, ಆ ನಕ್ಷೆಗಳು ಕೆಲಸ ನಡೆಸಿದ್ದಕ್ಕಿಂತ ಹೊರಗಿನವರ ಬಾಯಿ ಮುಚ್ಚಿಸಿದ್ದೇ ಹೆಚ್ಚೆಂಬ ಅರ್ಥದ ಮಾತು ಹೇಳಿದ್ದಾರೆ. ಗೋಡೆಗೆ ತೂಗುಹಾಕಿದ ನಕ್ಷೆ ಕಾಂಕ್ರೀಟು ಕಲಸುವುದಿಲ್ಲ ಎಂಬುದು ನಮ್ಮ ಮೇಸ್ತ್ರಿಗಳಿಗೂ ಗೊತ್ತು. ಆದುದರಿಂದ ನಾವು ಕ್ಷಿಪಣಿಯ ದಾರಿ ಬಿಟ್ಟು ಲೂಯಿವಿಲ್‌ನ ರಿಪೇರಿಯ ದಾರಿ ಹಿಡಿಯೋಣ. ಅದು ನಮ್ಮ ಕೆಲಸಕ್ಕೆ ಹತ್ತಿರದ್ದು.

ಒಂದು ಕಣ, ಒಂದು ಪಲ್ಪರು

ಉದಾಹರಣೆಗೆ, ಬೆಳೆಗಾರರೊಬ್ಬರು ಹೊಸ ಕಾಂಕ್ರೀಟು ಕಣ ಮಾಡಿಸಬೇಕೆಂದಿದ್ದಾರೆ. ಅದರ ಪಕ್ಕದಲ್ಲೇ ಪಲ್ಪರಿಗೆ ಕಟ್ಟೆ. ಹಳೆಯ ಪಲ್ಪರನ್ನು ಪೇಟೆಗೆ ಕಳುಹಿಸಿ ರಿಪೇರಿ ಮಾಡಿಸಬೇಕು. ನೀರಿನ ಪೈಪು ಎಳೆಯಬೇಕು. ಒಂದು ಹಾಳೆಯಲ್ಲಿ ಕೆಲಸಗಳನ್ನು ಬರೆದು, ಪ್ರತಿಯೊಂದರ ಮುಂದೆ ಎಷ್ಟು ದಿನ ಎಂಬುದನ್ನೂ, ಅದಕ್ಕೆ ಮೊದಲು ಏನು ಮುಗಿದಿರಬೇಕು ಎಂಬುದನ್ನೂ ಬರೆಯಿರಿ. ದಿನಗಳು ನಮ್ಮ ಅಂದಾಜು, ನಿಮ್ಮ ತೋಟದಲ್ಲಿ ಬೇರೆ ಇದ್ದೀತು.

ಜಾಗ ಅಳೆದು ಗುರುತು ಹಾಕುವುದು: 2 ದಿನ. ಯಾವುದಕ್ಕೂ ಕಾಯಬೇಕಾಗಿಲ್ಲ.
ಮಣ್ಣು ಕಡಿದು ಮಟ್ಟ ಮಾಡುವುದು: 6 ದಿನ. ಗುರುತು ಹಾಕಿದ ಮೇಲೆ.
ಜಲ್ಲಿ, ಮರಳು, ಸಿಮೆಂಟು ತರಿಸುವುದು: 10 ದಿನ. ಅಳತೆ ಸಿಕ್ಕಿದ ಮೇಲೆ.
ಕಲ್ಲು ಹಾಸಿ ದಿಮ್ಮಸು ಹೊಡೆಯುವುದು: 5 ದಿನ. ನೆಲ ಮಟ್ಟವಾದ ಮೇಲೆ. ಕಲ್ಲು ತೋಟದ್ದೇ ಎಂದಿಟ್ಟುಕೊಳ್ಳೋಣ.
ಕಾಂಕ್ರೀಟು ಹಾಕುವುದು: 4 ದಿನ. ಕಲ್ಲುಹಾಸು ಮುಗಿದಿರಬೇಕು, ಸಾಮಾನೂ ಬಂದಿರಬೇಕು.
ನೀರು ಕಟ್ಟಿ ಕ್ಯೂರಿಂಗ್ ಮಾಡುವುದು: 14 ದಿನ. ಕಾಂಕ್ರೀಟು ಆದ ಮೇಲೆ, ನೀರೂ ಇರಬೇಕು.
ಪೈಪು ಎಳೆಯುವುದು: 4 ದಿನ. ಗುರುತು ಹಾಕಿದ ಮೇಲೆ.
ಪಲ್ಪರಿನ ಕಟ್ಟೆ ಕಟ್ಟಿ ಗಟ್ಟಿಯಾಗಲು ಬಿಡುವುದು: 10 ದಿನ. ಸಾಮಾನು ಬಂದ ಮೇಲೆ.
ಪಲ್ಪರಿನ ರಿಪೇರಿ: 15 ದಿನ. ಯಾವುದಕ್ಕೂ ಕಾಯಬೇಕಾಗಿಲ್ಲ.
ಪಲ್ಪರನ್ನು ಕೂರಿಸಿ ಓಡಿಸಿ ನೋಡುವುದು: 2 ದಿನ. ಕಟ್ಟೆ, ಪಲ್ಪರು, ನೀರು ಮೂರೂ ಸಿದ್ಧವಾದ ಮೇಲೆ.

ಹತ್ತು ಕೆಲಸ. ಒಂದರ ಹಿಂದೆ ಒಂದು ಮಾಡುತ್ತ ಹೋದರೆ 72 ದಿನ. ಹಾಗೆ ಯಾರೂ ಮಾಡುವುದಿಲ್ಲವೆನ್ನಿ. ಆದರೆ ಜೊತೆಜೊತೆಯಾಗಿ ಮಾಡಿದರೆ ಎಷ್ಟು ದಿನ ಎಂದು ಕೇಳಿ ನೋಡಿ, ಬಾಯಿಲೆಕ್ಕದಲ್ಲಿ ಹೇಳುವವರು ಕಡಿಮೆ.

ಈಗ ಒಂದೊಂದು ಕೆಲಸಕ್ಕೆ ಒಂದೊಂದು ವೃತ್ತ ಬರೆದು, ಒಳಗೆ ಕೆಲಸದ ಹೆಸರು, ದಿನ ಬರೆಯಿರಿ. ಯಾವುದು ಮುಗಿಯದೆ ಯಾವುದು ಶುರುವಾಗುವುದಿಲ್ಲವೋ ಅವುಗಳ ನಡುವೆ ಬಾಣದ ಗೆರೆ ಎಳೆಯಿರಿ. ಎಡಗಡೆಯಿಂದ ಬಲಗಡೆಗೆ ದಿನ ಕೂಡಿಸುತ್ತ ಹೋಗಿ. ಎರಡು ಬಾಣಗಳು ಒಂದೇ ವೃತ್ತಕ್ಕೆ ಬಂದು ಸೇರುವಲ್ಲಿ ತಡವಾಗಿ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಗುರುತು 2ನೆಯ ದಿನ ಮುಗಿಯುತ್ತದೆ. ಮಟ್ಟ 8ಕ್ಕೆ, ಕಲ್ಲುಹಾಸು 13ಕ್ಕೆ. ಸಾಮಾನು ಬರುವುದು 12ಕ್ಕೆ. ಕಾಂಕ್ರೀಟಿಗೆ ಎರಡೂ ಬೇಕಾದುದರಿಂದ 13ರ ನಂತರವೇ ಶುರು, 17ಕ್ಕೆ ಮುಕ್ತಾಯ. ಕ್ಯೂರಿಂಗ್ ಮುಗಿಯುವುದು 31ಕ್ಕೆ. ಇನ್ನೊಂದು ಕಡೆ, ಸಾಮಾನು ಬಂದ 12ರಿಂದ ಕಟ್ಟೆಗೆ ಹತ್ತು ದಿನ, 22. ಪಲ್ಪರು ಅಷ್ಟರಲ್ಲಿ ಬಂದಿರುತ್ತದೆ, ಪೈಪೂ ಆಗಿರುತ್ತದೆ. ಕೂರಿಸುವುದು 24ಕ್ಕೆ ಮುಗಿಯಿತು. ಎಲ್ಲ ಸೇರಿ 31 ದಿನ.

ಇನ್ನು ಹಿಂದಕ್ಕೆ ಬನ್ನಿ. 31ರಿಂದ ಎಡಗಡೆಗೆ ಕಳೆಯುತ್ತ, ಯಾವ ಕೆಲಸ ಎಷ್ಟು ತಡವಾದರೂ 31 ಕೆಡುವುದಿಲ್ಲ ಎಂದು ನೋಡಿ. ಈ ಉಳಿಕೆಗೆ ನಾವು ಸಡಿಲ ಎನ್ನೋಣ. ಪಲ್ಪರಿನ ರಿಪೇರಿಗೆ 14 ದಿನ ಸಡಿಲ. ಪೈಪಿಗೆ 11 ದಿನ. ಕಟ್ಟೆಗೆ 7 ದಿನ. ಸಾಮಾನಿಗೆ ಒಂದೇ ದಿನ. ಗುರುತು, ಮಟ್ಟ, ಕಲ್ಲುಹಾಸು, ಕಾಂಕ್ರೀಟು, ಕ್ಯೂರಿಂಗ್, ಈ ಐದಕ್ಕೆ ಸಡಿಲವೇ ಇಲ್ಲ. ಇವೇ ಮುಖ್ಯ ಸರಪಳಿ. ಇವುಗಳಲ್ಲಿ ಒಂದು ದಿನ ಜಾರಿತೆಂದರೆ ಕಣ ಒಂದು ದಿನ ತಡ.

ನಾವು ಗಮನಿಸಿದಂತೆ, ಅಕ್ಟೋಬರಿನಲ್ಲಿ ಬೆಳೆಗಾರರ ಚಿಂತೆಯೆಲ್ಲ ಪಲ್ಪರಿನ ಮೇಲೆ. ವರ್ಕ್‌ಶಾಪಿನವನಿಗೆ ದಿನಕ್ಕೆ ಎರಡು ಫೋನು. ಬೇಗ ಕೊಡುವುದಾದರೆ ಮೇಲೆ ಇಷ್ಟು ಎಂದು ಅವನು ಕೇಳಿದರೆ ಅದಕ್ಕೂ ಸಿದ್ಧ. ಪಲ್ಪರು ಕಣ್ಣಿಗೆ ಕಾಣುವ ಯಂತ್ರ, ಅದಿಲ್ಲದಿದ್ದರೆ ಗತಿಯಿಲ್ಲ ಎಂಬ ಭಯ. ಆದರೆ ಈ ನಕ್ಷೆಯಲ್ಲಿ ಅದಕ್ಕೆ ಎರಡು ವಾರ ಸಡಿಲವಿದೆ. ಅದೇ ಹೊತ್ತಿಗೆ ಮಣ್ಣು ಕಡಿಯುವ ಕೆಲಸಕ್ಕೆ ಬರಬೇಕಾದ ಇಬ್ಬರು ಆಳುಗಳು ಮೂರು ದಿನ ಬಾರದಿದ್ದರೆ ‘ಮಣ್ಣಿನ ಕೆಲಸ ತಾನೆ, ಮಾಡಿದರಾಯಿತು’ ಎಂದುಕೊಳ್ಳುತ್ತೇವೆ. ಆ ಮೂರು ದಿನ ನೇರವಾಗಿ ಹಣ್ಣಿನ ಮೇಲೆ ಬಂದು ಬೀಳುತ್ತದೆ.

ಎರಡಕ್ಕೆ ಕೊಟ್ಟು ಒಂದನ್ನು ಕೊಳ್ಳುವುದು

ಹಾಗಾದರೆ ಮಣ್ಣಿನ ಕೆಲಸಕ್ಕೆ ಹೆಚ್ಚು ಆಳು ಹಾಕಿ ಆರು ದಿನದ್ದನ್ನು ನಾಲ್ಕು ದಿನದಲ್ಲಿ ಮುಗಿಸಿದರೆ ಎರಡು ದಿನ ಲಾಭವಲ್ಲವೆ ಎಂದು ಕೇಳಬಹುದು. ಅಲ್ಲ. ಮಟ್ಟ 6ಕ್ಕೆ ಮುಗಿಯಿತು, ಕಲ್ಲುಹಾಸು 11ಕ್ಕೆ ಮುಗಿಯಿತು, ಸರಿ. ಆದರೆ ಜಲ್ಲಿಯ ಲಾರಿ ಬರುವುದು 12ಕ್ಕೇ. ಕಾಂಕ್ರೀಟು 12ರಿಂದ 16, ಕ್ಯೂರಿಂಗ್ 30ಕ್ಕೆ ಮುಗಿಯಿತು. ಎರಡು ದಿನದ ಕೂಲಿ ಕೊಟ್ಟು ಒಂದು ದಿನ ಉಳಿಸಿದ ಹಾಗಾಯಿತು. ಸಾಮಾನಿಗೆ ಇದ್ದ ಒಂದು ದಿನದ ಸಡಿಲ ತೀರಿದ ಕೂಡಲೆ ಮುಖ್ಯ ಸರಪಳಿ ಮಣ್ಣಿನಿಂದ ಎದ್ದು ಲಾರಿಯ ಮೇಲೆ ಹೋಗಿ ಕುಳಿತಿತು. ಈ ಒಂದು ಸಂಗತಿಯನ್ನು ತಿಳಿದುಕೊಂಡವರಿಗೆ ಈ ಲೇಖನದ ಮುಕ್ಕಾಲು ಪಾಲು ಪ್ರಯೋಜನ ಸಿಕ್ಕಿತೆಂದೇ ನಾವು ಭಾವಿಸುತ್ತೇವೆ. ಎರಡು ದಿನವೂ ಬೇಕೆಂದಿದ್ದರೆ ಜಲ್ಲಿಗೆ ಒಂದು ದಿನ ಮೊದಲೇ ಹೇಳಬೇಕಿತ್ತು. ಸುಮಾರು ಅಳತೆಯ ಮೇಲೆಯೇ, ಗುರುತು ಹಾಕುವುದಕ್ಕೂ ಮುಂಚೆ, ಲಾರಿಯವನಿಗೆ ಮಾತು ಕೊಡುವುದಕ್ಕೆ ದುಡ್ಡೇನೂ ಬೀಳುವುದಿಲ್ಲ.

ಕ್ಯೂರಿಂಗಿನ 14 ದಿನವನ್ನು ಮಾತ್ರ ಯಾವ ದುಡ್ಡೂ ಕಡಿಮೆ ಮಾಡಲಾರದು. ನೂರು ಆಳು ಹಚ್ಚಿದರೂ ಕಾಂಕ್ರೀಟು ತನ್ನ ಹೊತ್ತಿಗೇ ಗಟ್ಟಿಯಾಗುತ್ತದೆ. ನೀರು ಹಾಕುವುದನ್ನು ನಾಲ್ಕೈದು ದಿನಕ್ಕೇ ನಿಲ್ಲಿಸಿ ಹಣ್ಣು ಹರವಿದ ಕಣಗಳ ಮೇಲ್ಮೈ ವರ್ಷ ಎರಡು ವರ್ಷದಲ್ಲಿ ಪುಡಿಯೇಳುತ್ತದೆ, ಆ ಪುಡಿ ಬೀಜಕ್ಕೆ ಹತ್ತುತ್ತದೆ. ಸುಮ್ಮನೆ ಕಾಯುವುದನ್ನೂ ಕೆಲಸವೆಂದೇ ನಕ್ಷೆಯಲ್ಲಿ ಬರೆಯಬೇಕೆಂದು ನಾವು ಹೇಳುವುದು ಇದಕ್ಕೆ. ಆಳು ಇಲ್ಲದ ಕೆಲಸ, ಕೂಲಿ ಇಲ್ಲದ ಕೆಲಸ, ಆದರೆ ದಿನ ತಿನ್ನುವ ಕೆಲಸ.

ಗಾರೆಯವನು ಒಬ್ಬನೇ

ಇಲ್ಲಿಯವರೆಗೆ ನಕ್ಷೆ ಬರೆದದ್ದು ಆಳುಗಳು ಬೇಕೆಂದಾಗ ಸಿಗುತ್ತಾರೆ ಎಂಬ ನಂಬಿಕೆಯ ಮೇಲೆ. ಡುಪಾಂಟ್ ಕಂಪೆನಿಗೆ ಅದು ನಡೆದೀತು. ನಮ್ಮ ಕಡೆ ಕೂಲಿಯವರು ಸಿಗುವ ಪಾಡು ಓದುಗರಿಗೆ ಹೇಳಬೇಕಾಗಿಲ್ಲ. ಹೊರರಾಜ್ಯಗಳಿಂದ ಬರುವ ಕಾರ್ಮಿಕರನ್ನು ನೆಚ್ಚಿಕೊಂಡ ಊರುಗಳೇ ಈಗ ಹೆಚ್ಚು. ಗಾರೆ ಕೆಲಸ ಬಲ್ಲವನಂತೂ ಊರಿಗೊಬ್ಬ.

ನಮ್ಮ ಉದಾಹರಣೆಯಲ್ಲಿ ಕಲ್ಲು ಹಾಸುವವನು, ಕಾಂಕ್ರೀಟು ಎಳೆಯುವವನು, ಪಲ್ಪರಿನ ಕಟ್ಟೆ ಕಟ್ಟುವವನು ಒಬ್ಬನೇ ಎಂದುಕೊಳ್ಳಿ. 12ನೆಯ ದಿನ ಸಾಮಾನು ಬಂತು, ಕಟ್ಟೆ ಶುರುಮಾಡಬಹುದು ಎಂದು ನಕ್ಷೆ ಹೇಳುತ್ತದೆ. ಆದರೆ ಅವನು ಕಲ್ಲುಹಾಸಿನಲ್ಲಿದ್ದಾನೆ, ಅಲ್ಲಿಂದ ಕಾಂಕ್ರೀಟಿಗೆ ಹೋಗುತ್ತಾನೆ. 12ರಂದೇ ಅವನನ್ನು ಎಬ್ಬಿಸಿ ಕಟ್ಟೆಗೆ ಕಳುಹಿಸಿದರೆ ಮುಖ್ಯ ಸರಪಳಿ ಹರಿಯುತ್ತದೆ. ಸುಮ್ಮನೆ ಬಿಟ್ಟರೆ, ಅವನು 17ಕ್ಕೆ ಕಾಂಕ್ರೀಟು ಮುಗಿಸಿ ಕಟ್ಟೆಗೆ ಬರುತ್ತಾನೆ, ಕಟ್ಟೆ 27ಕ್ಕೆ ಸಿದ್ಧ, ಪಲ್ಪರು 29ಕ್ಕೆ ಓಡುತ್ತದೆ. 31ರೊಳಗೇ ಆಯಿತು. ಏಳು ದಿನದ ಸಡಿಲದಲ್ಲಿ ಐದು ದಿನ ಖರ್ಚಾಯಿತು, ಅಷ್ಟೆ. ಸಡಿಲ ಇರುವುದೇ ಇಂತಹ ಕಡೆ ಖರ್ಚು ಮಾಡಲಿಕ್ಕೆ. ಆದರೆ ಆ ಏಳು ದಿನ ಕಟ್ಟೆಗೂ ಪಲ್ಪರು ಕೂರಿಸುವುದಕ್ಕೂ ಸೇರಿದ್ದು. ಗಾರೆಯವನು ಐದು ತಿಂದ ಮೇಲೆ ಫಿಟ್ಟರಿಗೆ ಉಳಿದದ್ದು ಎರಡೇ. ‘ಇನ್ನೂ ಒಂದು ವಾರ ಇದೆಯಂತೆ’ ಎಂದು ಫಿಟ್ಟರು ತಿಳಿದುಕೊಂಡಿದ್ದರೆ ಅವನಿಗೆ ಮೊದಲೇ ಹೇಳಿಬಿಡಬೇಕು.

ಅಂದಾಜಿನ ದಿನಗಳ ಬಗ್ಗೆಯೂ ಒಂದು ಮಾತು. ಜಲ್ಲಿಗೆ ಹತ್ತು ದಿನ ಎಂದು ನಾವು ಬರೆದದ್ದು ಹೇಗೆ? ಎಲ್ಲ ಸರಿಹೋದರೆ 7 ದಿನ, ಸಾಮಾನ್ಯವಾಗಿ 9 ದಿನ, ಎಲ್ಲ ಕೆಟ್ಟರೆ 17 ದಿನ ಎಂದು ಲಾರಿಯವರನ್ನು ಕೇಳಿ ತಿಳಿದುಕೊಂಡೆವೆನ್ನಿ. ಪರ್ಟ್‌ನವರ ಲೆಕ್ಕದಂತೆ ಸಾಮಾನ್ಯ ದಿನವನ್ನು ನಾಲ್ಕರಿಂದ ಗುಣಿಸಿ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಕೂಡಿಸಿ, ಆರರಿಂದ ಭಾಗಿಸಬೇಕು. 36, 7, 17 ಸೇರಿ 60, ಆರರಿಂದ ಭಾಗಿಸಿದರೆ 10. ಲೆಕ್ಕ ಚೆಂದವೇ. ನಮ್ಮ ಅಭಿಪ್ರಾಯದಲ್ಲಿ ಈ ಹತ್ತಕ್ಕಿಂತ ಆ 17ನ್ನು ಕಣ್ಣ ಮುಂದಿಟ್ಟುಕೊಳ್ಳುವುದು ಲೇಸು. ಒಂದೇ ದಿನ ಸಡಿಲವಿರುವ ಕೆಲಸಕ್ಕೆ ಏಳು ದಿನ ಕೆಡುವ ಸಾಧ್ಯತೆ ಇದೆಯೆಂದರೆ, ಅದು ಇಂದಲ್ಲ ನಾಳೆ ಮುಖ್ಯ ಸರಪಳಿಯೇ.

ಪಂಚಾಂಗದ ಮೇಲೆ ಇಳಿಸುವುದು

ನವೆಂಬರ್ 15ರ ಬೆಳಿಗ್ಗೆ ಕಣ ಬೇಕು. 31 ದಿನ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 15ರಂದು ಗುರುತಿನ ಗೂಟ ನೆಲಕ್ಕೆ ಬೀಳಬೇಕು. ಆದರೆ ಇದು ಒಂದು ದಿನವೂ ಬಿಡುವಿಲ್ಲದ ಲೆಕ್ಕ. ಅಕ್ಟೋಬರ್ 15ರಿಂದ 31ರವರೆಗಿನ 17 ದಿನ ಆಳುಗಳ ಕೆಲಸ, ನವೆಂಬರಿನ ಮೊದಲ 14 ದಿನ ಕ್ಯೂರಿಂಗ್. ಆ 17 ದಿನಗಳಲ್ಲಿ ಸಂತೆಯ ದಿನಗಳಿವೆ, ಹಬ್ಬವಿದ್ದೀತು, ಹಿಂಗಾರಿನ ಮಳೆ ಹೊಡೆದೀತು. ಆರು ದಿನ ಹೋಗುತ್ತದೆಂದು ಹಿಡಿದರೆ ಅಕ್ಟೋಬರ್ 9ಕ್ಕೇ ಶುರುಮಾಡಬೇಕು. ಕ್ಯೂರಿಂಗಿಗೆ ಮಾತ್ರ ಸಂತೆಯಿಲ್ಲ, ಹಬ್ಬವಿಲ್ಲ. ಮನೆಯವರೊಬ್ಬರು ನೀರು ಆರದ ಹಾಗೆ ನೋಡಿಕೊಂಡರೆ ಸಾಕು. ಆದುದರಿಂದ ದೀಪಾವಳಿ ನವೆಂಬರಿನಲ್ಲಿ ಬರುವ ವರ್ಷ ಅದು ಕ್ಯೂರಿಂಗಿನ ದಿನಗಳಲ್ಲಿ ಬೀಳುವಂತೆ ಹೊಂದಿಸಿಕೊಂಡರೆ ಆಳುಗಳಿಗೂ ಸಂತೋಷ, ಕಣಕ್ಕೂ ನಷ್ಟವಿಲ್ಲ. ಮಳೆಯೂ ಹಾಗೆಯೇ. ಕಾಂಕ್ರೀಟು ಹಾಕುವ ದಿನ ಬಂದರೆ ಶತ್ರು, ಅದು ಗಟ್ಟಿಯಾದ ಮೇಲೆ ಬಂದರೆ ಕೊಡ ಹೊರುವ ಶ್ರಮ ಉಳಿಸುವ ನೆಂಟ.

ನಕ್ಷೆಯನ್ನು ಒಮ್ಮೆ ಬರೆದು ಪೆಟ್ಟಿಗೆಯಲ್ಲಿಟ್ಟರೆ ಉಪಯೋಗವಿಲ್ಲ. ವಾರಕ್ಕೊಮ್ಮೆ ತೆಗೆದು, ಮುಗಿದದ್ದಕ್ಕೆ ಗೆರೆ ಎಳೆದು, ಉಳಿದದ್ದನ್ನು ಹೊಸದಾಗಿ ಎಣಿಸಬೇಕು. ಸರಪಳಿ ಜಾಗ ಬದಲಿಸಿದ್ದರೆ ಆಗ ಗೊತ್ತಾಗುತ್ತದೆ. ಇದಕ್ಕೆಲ್ಲ ಈಗ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಸಾಧನಗಳಿವೆ. ಮನೆಯ ಮಕ್ಕಳು ಮಾಡಿಕೊಟ್ಟರೆ ಬೇಡವೆನ್ನಬೇಡಿ. ಹತ್ತು ಹನ್ನೆರಡು ಕೆಲಸಗಳಿಗಾದರೆ ಹಳೆಯ ಕ್ಯಾಲೆಂಡರಿನ ಹಿಂಬದಿ, ಒಂದು ಪೆನ್ಸಿಲು ಸಾಕು. ಪೆನ್ಸಿಲೇ ಇರಲಿ, ಅಳಿಸುವ ಪ್ರಸಂಗ ಬಹಳ ಬರುತ್ತದೆ.

ಅಡಿಕೆಗೆ ಬಂದರೆ

ಅಡಿಕೆ ಬೆಳೆಗಾರರಿಗೆ ಕೊನೆಯ ದಿನಾಂಕವನ್ನು ಇಡುವುದು ಹಣ್ಣಲ್ಲ, ಮುಂಗಾರು ಮಳೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದ್ದರು. ಮೊದಲ ಔಷಧಿ ಮಳೆ ಹಿಡಿಯುವುದಕ್ಕೆ ಮುಂಚೆ, ಎರಡನೆಯದು 40-45 ದಿನದ ಮೇಲೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮೊದಲನೆಯದೇ ತಪ್ಪುತ್ತದೆ. ಮೈಲುತುತ್ತ ಕೊಳ್ಳುವುದು, ಸುಣ್ಣ ತರುವುದು, ಪಂಪು ಪೈಪು ರಿಪೇರಿ, ಇವಾವುವೂ ಐದಾರು ದಿನ ಮೀರುವ ಕೆಲಸಗಳಲ್ಲ. ಇಲ್ಲಿ ಸರಪಳಿ ಕುಳಿತಿರುವುದು ಕೊನೆಗೌಡನ ಮೇಲೆ. ಉದ್ದನೆಯ ದೋಟಿಗಳು ಬಂದಿವೆಯಾದರೂ ಮರ ಹತ್ತುವವನನ್ನೇ ನಂಬಿದ ತೋಟಗಳು ಇನ್ನೂ ಬೇಕಾದಷ್ಟಿವೆ.

ಒಂದು ಊರಿನಲ್ಲಿ ಎಂಟು ತೋಟ, ಒಬ್ಬನೇ ಕೊನೆಗೌಡ, ತೋಟಕ್ಕೆ ಎರಡು ದಿನ. ಹದಿನಾರು ದಿನ ಬೇಕು. ಮೇ 31ಕ್ಕೆ ಎಂಟನೆಯ ತೋಟ ಮುಗಿಯಬೇಕಾದರೆ ಮೊದಲನೆಯ ತೋಟ ಮೇ 16ಕ್ಕೆ ಸಿದ್ಧವಾಗಿರಬೇಕು. ಮೊದಲನೆಯವರಿಗೆ ಒಂದು ದಿನವೂ ಸಡಿಲವಿಲ್ಲ, ಎಂಟನೆಯವರಿಗೆ ಸಾಮಾನು ಹೊಂದಿಸಿಕೊಳ್ಳಲು ಹದಿನಾಲ್ಕು ದಿನ ಸಡಿಲವಿದೆ. ಈಗ 16ರ ಬೆಳಿಗ್ಗೆ ಮೊದಲನೆಯವರ ಪಂಪು ಹೊಗೆಯುಗುಳಿ ನಿಂತಿತೆನ್ನಿ. ಕೊನೆಗೌಡ ಎರಡು ದಿನ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕುಳಿತರೆ ಆ ಎರಡು ದಿನ ಎಂಟು ತೋಟಗಳಿಗೂ ಹೋಯಿತು. ಎಂಟನೆಯವರಿಗೆ ಇದರ ಸುದ್ದಿಯೂ ತಿಳಿದಿರುವುದಿಲ್ಲ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದು, ಕೊನೆಗಳ ಬುಡದಲ್ಲಿ ಹಸಿರು ಕಾಯಿ ಉದುರಲು ತೊಡಗಿದಾಗ ತಮ್ಮ ಹಣೆಬರಹವನ್ನು ಹಳಿದುಕೊಳ್ಳುತ್ತಾರೆ.

ಇದು ಒಬ್ಬೊಬ್ಬರು ತಮ್ಮ ತಮ್ಮ ಮನೆಯಲ್ಲಿ ನಕ್ಷೆ ಬರೆದರೆ ಕಾಣುವುದಿಲ್ಲ. ಎಂಟು ಮನೆಯ ಸರದಿಯನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಲ್ಲಿ ಹಾಕಬೇಕು. ಸರದಿಯಲ್ಲಿ ಮೊದಲ ಇಬ್ಬರ ಪಂಪು, ತುತ್ತ, ಸುಣ್ಣ ಸಿದ್ಧವಿದೆಯೇ ಎಂದು ಉಳಿದ ಆರು ಮಂದಿ ಮೇ ಮೊದಲ ವಾರದಲ್ಲೇ ವಿಚಾರಿಸಬೇಕು. ಅದು ಪರರ ಮನೆಯ ಉಸಾಬರಿಯಲ್ಲ, ತಮ್ಮದೇ ಕೊಯ್ಲಿನ ಕೆಲಸ. ಮೊದಲನೆಯವರು ಸಿದ್ಧವಿಲ್ಲದಿದ್ದರೆ ಸಿದ್ಧವಿರುವವರ ತೋಟಕ್ಕೆ ಕೊನೆಗೌಡ ಆ ಬೆಳಿಗ್ಗೆಯೇ ಹೋಗುವಂತೆ ಮೊದಲೇ ಮಾತಾಗಿರಬೇಕು. ಸರದಿ ಬದಲಿಸಿದರೆ ಮರ್ಯಾದೆ ಹೋಯಿತೆಂದು ಮುನಿಸಿಕೊಳ್ಳುವವರು ಇದ್ದಾರೆ, ಅದು ನಮಗೆ ತಿಳಿಯದ ವಿಷಯವಲ್ಲ. ಊರಿನ ಹಿರಿಯರೊಬ್ಬರು ಮೊದಲೇ ಮಾತನಾಡಿ ಒಪ್ಪಿಸಿದ್ದರೆ ಅಂದಿನ ದಿನ ಜಗಳಕ್ಕೆ ಎಡೆಯಿರುವುದಿಲ್ಲ.

ಔಷಧಿ ಹೊಡೆಯುವ ಒಂದು ದಿನಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ತುತ್ತದ ಹರಳು ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ. ಬೆಳಿಗ್ಗೆ ಕೊನೆಗೌಡ ಬಂದ ಮೇಲೆ ನೆನೆ ಹಾಕಿದರೆ ಅವನ ಅರ್ಧ ದಿನದ ಕೂಲಿ ಅದರಲ್ಲೇ ಕರಗಿಹೋಗುತ್ತದೆ. ಹಿಂದಿನ ಸಂಜೆಯೇ ಬಟ್ಟೆಯಲ್ಲಿ ಗಂಟು ಕಟ್ಟಿ, ಪ್ಲಾಸ್ಟಿಕ್ಕಿನ ಇಲ್ಲವೆ ಮರದ ಪಾತ್ರೆಯಲ್ಲಿ ಐವತ್ತು ಲೀಟರು ನೀರಿನ ಮೇಲ್ಭಾಗಕ್ಕೆ ಮುಳುಗುವಂತೆ ತೂಗುಬಿಟ್ಟರೆ ಬೆಳಗಾಗುವಷ್ಟರಲ್ಲಿ ತಾನಾಗಿ ಕರಗಿರುತ್ತದೆ. ಸುಣ್ಣವನ್ನೂ ಹಿಂದಿನ ದಿನವೇ ಅರಳಿಸಿಟ್ಟುಕೊಂಡು, ಬೆಳಿಗ್ಗೆ ಇನ್ನೈವತ್ತು ಲೀಟರಿನಲ್ಲಿ ಕದಡಿ ಸೋಸಿಕೊಳ್ಳಬಹುದು. ಎರಡನ್ನೂ ಬೆರೆಸುವುದು ಮಾತ್ರ ಅಂದಂದೇ, ಬೆರೆಸಿದ್ದನ್ನು ಅಂದೇ ಮುಗಿಸಬೇಕು. ಕೊನೆಗೌಡ ತಳೆ ಕಟ್ಟಿಕೊಳ್ಳುವ ಹೊತ್ತಿಗೆ ಹೊಳೆಯುವ ಚೂರಿಯೊಂದನ್ನು ದ್ರಾವಣದಲ್ಲಿ ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಬೆರೆಸಿ ಮತ್ತೆ ಅದ್ದಿ ನೋಡಬೇಕು. ಇದಕ್ಕೆ ಐದು ನಿಮಿಷ ಸಾಕು, ಸುಣ್ಣದ ನೀರು ಒಂದಿಷ್ಟು ಮಿಗಿಸಿ ಇಟ್ಟುಕೊಂಡಿದ್ದರೆ.